ಲೈಕನ್ ಪ್ಲಾನೊಪೈಲಾರಿಸ್: ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್, ಸೈಕ್ಲೋಸ್ಪೊರಿನ್ ಇವುಗಳಲ್ಲಿ ಯಾವುದು?

ಪ್ರಶ್ನೆ (ಕಲಬುರಗಿ)
ನಮಸ್ಕಾರ್ರೀ. ನೆತ್ತಿಯ ಮೇಲೆ ಕೂದಲು ಹೋಗಿ ಚರ್ಮ ನುಣ್ಣಗಾಗಿದೆ, ಸುತ್ತ ಕೆಂಪು, ವಿಪರೀತ ಉರಿ. ಬಯಾಪ್ಸಿಯಲ್ಲಿ (ಚರ್ಮದ ಚೂರು ತೆಗೆದು ಮಾಡೋ ಪರೀಕ್ಷೆ) ಲೈಕನ್ ಪ್ಲಾನೊಪೈಲಾರಿಸ್ ಅಂತ ಬಂತು, ಅಂದ್ರೆ ಉರಿಯೂತದಿಂದ ಕೂದಲಿನ ಬೇರು ಹಾಳಾಗೋ ಕಾಯಿಲೆ. ಹಚ್ಚೋ ಸ್ಟೀರಾಯ್ಡ್ ಆಯ್ತು, ತಲೆಗೆ ಇಂಜೆಕ್ಷನ್ ಆಯ್ತು, ಹೈಡ್ರಾಕ್ಸಿಕ್ಲೋರೊಕ್ವಿನ್ ವರ್ಷದಿಂದ ನಡೆದಿದೆ. ಆದರೂ ಜಾಗ ದೊಡ್ಡದಾಗ್ತಾನೇ ಇದೆ. ಈಗ ಡಾಕ್ಟರ್ ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್, ಸೈಕ್ಲೋಸ್ಪೊರಿನ್ ಅನ್ನೋ ರೋಗನಿರೋಧಕ ಶಕ್ತಿ ಕುಗ್ಗಿಸೋ ಮೂರು ಔಷಧಿಗಳಲ್ಲಿ ಒಂದು ಶುರು ಮಾಡೋಣ ಅಂತಿದ್ದಾರೆ. ಮದುವೆಯಾಗಿದೆ, ಮುಂದೆ ಮಗು ಬೇಕು. ತಗೊಂಡವರು ಹೇಳಿ. ಹೋದ ಕೂದಲು ಮತ್ತೆ ಬರುತ್ತಾ?

ಉತ್ತರ (ಬೀದರ್)
ತಂಗಿ, ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳ್ತೀನಿ. ಚರ್ಮ ನುಣ್ಣಗಾದ ಜಾಗದಲ್ಲಿ ಕೂದಲಿನ ಬೇರೇ ಸತ್ತಿರುತ್ತೆ, ಅಲ್ಲಿ ಮತ್ತೆ ಬರಲ್ಲ. ಇರೋದನ್ನು ಉಳಿಸೋಕೆ ಈ ಔಷಧಿ. ಉರಿ ಕಡಿಮೆಯಾಯ್ತಾ, ಅಂಚಿನ ಕೆಂಪು ಹೋಯ್ತಾ, ಅದನ್ನು ನೋಡು.

ನಾನು ಮೆಥೊಟ್ರೆಕ್ಸೇಟ್‌ನಲ್ಲಿದ್ದೀನಿ, ವಾರಕ್ಕೆ 15 ಮಿಲಿಗ್ರಾಂ. ಇರಾನಿನಲ್ಲಿ ಇದೇ ಕಾಯಿಲೆಗೆ ಇದನ್ನೂ ಹೈಡ್ರಾಕ್ಸಿಕ್ಲೋರೊಕ್ವಿನ್ ಅನ್ನೂ ಹೋಲಿಸಿ ನೋಡಿದಾಗ ಇದೇ ಜಾಸ್ತಿ ಕೆಲಸ ಮಾಡಿತ್ತು, ಆದರೆ ಅದು ಸಣ್ಣ ಅಧ್ಯಯನ. ನನಗಂತೂ ಉರಿ ನಿಂತಿದೆ. ಮಾತ್ರೆ ತಗೊಂಡ ಮರುದಿನ ಹೊಟ್ಟೆ ತೊಳಸುತ್ತೆ, ಸುಸ್ತಾಗುತ್ತೆ, ರೊಟ್ಟಿ ಮುಟ್ಟೋಕೂ ಮನಸ್ಸಾಗಲ್ಲ. ಫೋಲಿಕ್ ಆಸಿಡ್ ಜೊತೆಗಿರಲೇಬೇಕು. ಲಿವರ್, ರಕ್ತದ ಟೆಸ್ಟ್ ತಪ್ಪಿಸಬಾರದು. ಇದು ವಾರಕ್ಕೆ ಒಂದೇ ದಿನದ ಮಾತ್ರೆ, ದಿನಾ ತಗೊಂಡರೆ ಜೀವಕ್ಕೇ ಅಪಾಯ. ವಾರದಲ್ಲಿ ಯಾವ ದಿನ ಅನ್ನೋದನ್ನು ಚೀಟಿಯಲ್ಲಿ ಬರೆಸಿಕೋ, ಮನೆಯವರಿಗೂ ಹೇಳಿಡು.

ಮಗುವಿನ ವಿಷಯ ಡಾಕ್ಟರಿಗೆ ಬಾಯಿಬಿಟ್ಟು ಹೇಳು, ನಾಚಿಕೋಬೇಡ. ಮೆಥೊಟ್ರೆಕ್ಸೇಟ್ ಆಗಲಿ ಮೈಕೊಫಿನೊಲೇಟ್ ಆಗಲಿ ಗರ್ಭಕ್ಕೆ ಕೇಡು. ತಗೊಳ್ಳುವಷ್ಟು ದಿನ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಬಿಟ್ಟ ಮೇಲೂ ಡಾಕ್ಟರ್ ಹೇಳಿದಷ್ಟು ಕಾಯಬೇಕು. ಮುಂದಿನ ವರ್ಷವೇ ಮಗು ಬೇಕಂದ್ರೆ ಇವೆರಡೂ ನಿನಗಲ್ಲ ಅನಿಸುತ್ತೆ.

ಉತ್ತರ (ಯಾದಗಿರಿ)
ನಾನು ಸೈಕ್ಲೋಸ್ಪೊರಿನ್ ತಗೊಂಡವನು ರೀ. ಮೂರರಲ್ಲಿ ಬೇಗ ಹಿಡಿತಕ್ಕೆ ತರೋದು ಇದೇ, ಕೆಲವೇ ವಾರದಲ್ಲಿ ತುರಿಕೆ ನಿಂತಿತು. ಆದರೆ ಬಿಪಿ ಏರಿತು, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತಪರೀಕ್ಷೆ) ಮೇಲೆ ಕಣ್ಣಿಡಬೇಕಾಯಿತು. ನಮ್ಮ ಕಡೆ ಬೇಸಿಗೆ 42 ಡಿಗ್ರಿ ದಾಟುತ್ತೆ, ನೀರು ಕಡಿಮೆಯಾದರೆ ಕಿಡ್ನಿಗೆ ಇನ್ನೂ ಕಷ್ಟ, ಮೇಲೆ ಮೈಕೈ ನೋವಿಗೆ ಅಂಗಡಿಯ ಡೈಕ್ಲೋಫೆನಾಕ್ ನುಂಗಿದರಂತೂ ಕೇಳಲೇಬೇಡಿ. ಸೈಕ್ಲೋಸ್ಪೊರಿನ್ ವರ್ಷಗಟ್ಟಲೆ ತಗೊಳ್ಳೋ ಔಷಧಿಯಲ್ಲ. ಡೋಸ್ ಇಳಿಸಿದಾಗ ಉರಿ ವಾಪಸ್ ಬಂತು, ಆಮೇಲೆ ಮೈಕೊಫಿನೊಲೇಟ್‌ಗೆ ಬದಲಾಯಿಸಿದರು. ಇದು ನಿಧಾನ, ತಿಂಗಳುಗಳೇ ಬೇಕು. ಶುರುವಿನಲ್ಲಿ ಭೇದಿ, ಈಗ ಪರವಾಗಿಲ್ಲ.

ಉತ್ತರ (ಕಲಬುರಗಿ)
ಅಕ್ಕಾರೆ, ಯಾವುದನ್ನೇ ಶುರು ಮಾಡಿ, ಮೊದಲು ಟಿಬಿ, ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸಿ. ಜ್ವರ ಬಂದರೆ ಸುಮ್ನೆ ಕಾಯಬೇಡಿ, ಅವತ್ತೇ ತೋರಿಸಿ. ಹೈಡ್ರಾಕ್ಸಿಕ್ಲೋರೊಕ್ವಿನ್ ಬೇರೆ ಥರದ್ದು, ಇವುಗಳಂತೆ ರೋಗನಿರೋಧಕ ಶಕ್ತಿಯನ್ನು ಅಷ್ಟು ಕುಗ್ಗಿಸಲ್ಲ, ಲೂಪಸ್ (ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳೋ ಕಾಯಿಲೆ) ಇರೋ ಗರ್ಭಿಣಿಯರಿಗೂ ಮುಂದುವರಿಸ್ತಾರೆ. ಹಾಗಾಗಿ ನೀವಾಗೇ ಬಿಡಬೇಡಿ, ಕಣ್ಣಿನ ಪರೀಕ್ಷೆ ಮಾತ್ರ ಮಾಡಿಸ್ತಾ ಇರಿ. ಕೂದಲು ಕಸಿ ಮಾಡ್ತೀವಿ ಅಂತ ಯಾರಾದರೂ ಈಗಲೇ ಕರೆದರೆ ಹೋಗಬೇಡಿ, ಕಾಯಿಲೆ ತಣ್ಣಗಾಗಿ ವರ್ಷವಾದರೂ ಕಳೆಯದೆ ಕಸಿ ಮಾಡಿಸಿದರೆ ಹಾಕಿದ್ದೂ ಉದುರಬಹುದು.