ಬ್ರಿಟನ್ನಿನ ‘ಕಂಟ್ರಾಕ್ಟರ್’ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ‘ತನಿಖೆ’, ‘ವಂಚನೆ’ ಬಗ್ಗೆ

ಗೆಳೆಯರೇ,

ಬ್ರಿಟನ್ನಿನಲ್ಲಿ ತಮ್ಮದೇ ಒಂದು ಪುಟ್ಟ ಕಂಪನಿ ಮಾಡಿಕೊಂಡು, ಅದರ ಮೂಲಕ ಬ್ಯಾಂಕಿಗೋ ವಿಮಾ ಸಂಸ್ಥೆಗೋ ಐಟಿ ಕೆಲಸ ಮಾಡಿಕೊಡುವ ಕನ್ನಡಿಗರಿದ್ದಾರೆ. ಇಂಥವರ ಕಂಪನಿ ನಡೆಯುವ ರೀತಿ ಸರಿಯಿದೆಯಾ ಅಂತ ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ಪತ್ರ ಬರೆದು ಕೇಳುವುದುಂಟು. ಇದೆಲ್ಲ ಏನು ಅಂತ ಊರಲ್ಲಿರುವ ಮನೆಯವರಿಗೂ ತಿಳಿಯುವ ಹಾಗೆ ಒಂದು ಬರಹ ಮಾಡುತ್ತಿದ್ದೇನೆ. ಆದರೆ ಮೊದಲ ಸಾಲಿನಲ್ಲೇ ನಿಂತಿದ್ದೇನೆ. ಕೈಗೆ ಸಿಗುವ ಕನ್ನಡ ಪದಗಳೆಲ್ಲ ವಿಷಯ ಹೇಳುವ ಮೊದಲೇ ತೀರ್ಪು ಕೊಟ್ಟುಬಿಡುತ್ತವೆ.

‘ಗುತ್ತಿಗೆದಾರ’ ಅಂದರೆ ನಮ್ಮಲ್ಲಿ ರಸ್ತೆ, ಸೇತುವೆ, ಕಟ್ಟಡದ ಕೆಲಸ ಹಿಡಿದವನು. ‘ಕಂಟ್ರಾಕ್ಟರ್’ ಅಂತ ಹಾಗೇ ಇಟ್ಟರೂ ಟೆಂಡರು, ಬಿಲ್ಲು, ಪಿಡಬ್ಲ್ಯುಡಿ ಕಣ್ಣ ಮುಂದೆ ಬರುತ್ತವೆ. ‘ಗುತ್ತಿಗೆ ನೌಕರ’, ‘ಹೊರಗುತ್ತಿಗೆ ನೌಕರ’ ಅಂದರೆ ಪೂರಾ ಉಲ್ಟಾ: ಸರ್ಕಾರಿ ಆಸ್ಪತ್ರೆಯಲ್ಲೋ ಪುರಸಭೆಯಲ್ಲೋ ಕಾಯಂ ಆಗದೆ ದುಡಿಯುವವರು. ಹೀಗೆ ಒಂದು ಪದ ಮಾಲೀಕನನ್ನು ತೋರಿಸುತ್ತದೆ, ಇನ್ನೊಂದು ಆಳನ್ನು. ಬ್ರಿಟನ್ನಿನ ನಮ್ಮ ಐಟಿಯವನು ಇವೆರಡರಲ್ಲಿ ಯಾರು ಅನ್ನುವುದೇ ತೆರಿಗೆ ಇಲಾಖೆ ಮತ್ತು ಅವನ ನಡುವಿನ ಜಗಳ. ನಾನು ಯಾವ ಪದ ಬರೆದರೂ ಒಂದು ಪಕ್ಷ ವಹಿಸಿದ ಹಾಗೆ, ಅಲ್ವಾ?

ಜಗಳದ ಮೂಲ ಇದು. ನೌಕರನಾದರೆ ಸಂಬಳದಲ್ಲೇ ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿ ಮುಂತಾದ ಸರ್ಕಾರಿ ಸೌಲಭ್ಯಕ್ಕೆ ಕಟ್ಟುವ ವಂತಿಗೆ) ಎರಡೂ ಮುರಿದುಕೊಳ್ಳುತ್ತಾರೆ. ಸ್ವಂತ ಕಂಪನಿಯಿದ್ದರೆ ಸಂಬಳ ಸ್ವಲ್ಪವೇ ತೆಗೆದುಕೊಂಡು ಉಳಿದದ್ದನ್ನು ಡಿವಿಡೆಂಡ್ (ಲಾಭದ ಪಾಲು) ಆಗಿ ಪಡೆಯಬಹುದು. ಡಿವಿಡೆಂಡ್ ಮೇಲೆ ನ್ಯಾಷನಲ್ ಇನ್ಶೂರೆನ್ಸ್ ಇಲ್ಲ. ಹಾಗಾಗಿ ‘ನಡುವೆ ಈ ಕಂಪನಿ ಇರದಿದ್ದರೆ ಇವನು ನೌಕರನೇ ಆಗುತ್ತಿದ್ದನಾ?’ ಎಂದು ಕೇಳುವ ನಿಯಮವೊಂದು 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 1999ರ ಬಜೆಟ್ ದಿನ ಹೊರಬಿದ್ದ, ಆಗಿನ ತೆರಿಗೆ ಇಲಾಖೆ ಇನ್‌ಲ್ಯಾಂಡ್ ರೆವೆನ್ಯೂದ (ಐಆರ್) 35ನೇ ಪ್ರಕಟಣೆಯಲ್ಲಿ ಇದರ ಸುದ್ದಿಯಿತ್ತು, ಅದಕ್ಕೇ ಇದಕ್ಕೆ ಐಆರ್35 ಎಂಬ ಹೆಸರು. ಉತ್ತರ ಹೇಳುವ ಹೊಣೆ ಮೊದಲು ಅವನ ಕಂಪನಿಯದೇ ಆಗಿತ್ತು. 2017ರಲ್ಲಿ ಸರ್ಕಾರಿ ವಲಯದಲ್ಲಿ, 2021ರಲ್ಲಿ ದೊಡ್ಡ ಮತ್ತು ಮಧ್ಯಮ ಗಾತ್ರದ ಖಾಸಗಿ ಸಂಸ್ಥೆಗಳಲ್ಲಿ, ಅದು ಕೆಲಸ ಕೊಟ್ಟವರ ಹೆಗಲಿಗೆ ಬಿತ್ತು.

ಈ ಪ್ರಶ್ನೆಯನ್ನು ಕನ್ನಡದ ಗಾರೆ ಮೇಸ್ತ್ರಿ ಯಾವತ್ತಿನಿಂದಲೂ ಕೇಳುತ್ತಿದ್ದಾನೆ. ಮನೆ ಕಟ್ಟಿಸಲು ಹೊರಟವರಿಗೆ ಗೊತ್ತು: “ಗುತ್ತಿಗೆಗೆ ಕೊಡ್ತೀರಾ, ದಿನಗೂಲಿನಾ?” ಗುತ್ತಿಗೆ ಅಂದರೆ ಇಡೀ ಕೆಲಸಕ್ಕೆ ಇಷ್ಟು ಅಂತ ದುಡ್ಡು. ಅವನು ಎಷ್ಟು ಹೊತ್ತಿಗೆ ಬಂದ, ಯಾರನ್ನು ಕಳಿಸಿದ ಅಂತ ನಾವು ಕೇಳುವ ಹಾಗಿಲ್ಲ. ನಷ್ಟವಾದರೆ ಅವನದು. ದಿನಗೂಲಿ ಅಂದರೆ ಪಕ್ಕದಲ್ಲಿ ನಿಂತು ಮಾಡಿಸಬೇಕು, ಇವತ್ತು ಬಾ, ನಾಳೆ ಬೇಡ ಅನ್ನಬಹುದು. ಬ್ರಿಟನ್ನಿನ ನ್ಯಾಯಾಲಯಗಳು ನೋಡುವುದೂ ಹೆಚ್ಚುಕಡಿಮೆ ಇದನ್ನೇ: ಹೇಗೆ ಮಾಡಬೇಕು ಅಂತ ಹೇಳುವವರು ಯಾರು, ತನ್ನ ಬದಲು ಇನ್ನೊಬ್ಬನನ್ನು ಕಳಿಸಬಹುದಾ, ಕೆಲಸ ಕೊಡಲೇಬೇಕು ಮಾಡಲೇಬೇಕು ಅನ್ನುವ ಕಟ್ಟುಪಾಡು ಇದೆಯಾ.

ಅಲ್ಲಿ ಇಂದಿಗೂ ಎಲ್ಲರೂ ಎತ್ತಿ ಹೇಳುವ ತೀರ್ಪು ಒಂದಿದೆ, 1968ರ ಕಾನೂನು ವರದಿಗಳಲ್ಲಿ ಬಂದ ರೆಡಿ ಮಿಕ್ಸ್ಡ್ ಕಾಂಕ್ರೀಟ್ ಪ್ರಕರಣ. ಕಾಂಕ್ರೀಟ್ ಸಾಗಿಸುತ್ತಿದ್ದ ಒಬ್ಬ ಲಾರಿ ಚಾಲಕ. ಲಾರಿಗೆ ಬಳಿದದ್ದು ಕಂಪನಿಯ ಬಣ್ಣ, ಮೈಮೇಲೆ ಇದ್ದದ್ದು ಕಂಪನಿಯ ಸಮವಸ್ತ್ರ. ನೋಡಿದವರು ಯಾರೇ ಆದರೂ ಅವನನ್ನು ನೌಕರ ಅಂತಲೇ ಅನ್ನುತ್ತಿದ್ದರು. ಆದರೆ ಲಾರಿಯನ್ನು ಕಂತಿನ ಮೇಲೆ ಕೊಂಡವನು ಅವನೇ, ರಿಪೇರಿ ಖರ್ಚು ಅವನದೇ, ತಾನು ಬರಲಾಗದಿದ್ದರೆ ಬೇರೆ ಚಾಲಕನನ್ನು ಇಡಬಹುದಿತ್ತು. ಅವನು ನೌಕರನಲ್ಲ, ಸ್ವಂತ ವ್ಯವಹಾರದವನು ಅಂತ ತೀರ್ಪಾಯಿತು. ಇವನಿಗೆ ನಮ್ಮ ‘ಗುತ್ತಿಗೆ’ ಸಲೀಸಾಗಿ ಕೂರುತ್ತದೆ.

ಐಟಿಯವರ ವಿಷಯಕ್ಕೆ ಬಂದಾಗ ತೊಡಕು. ಅವರಿಗೆ ಸಾಮಾನ್ಯವಾಗಿ ದುಡ್ಡು ಸಿಗುವುದು ಡೇ ರೇಟ್ ಲೆಕ್ಕದಲ್ಲಿ. ದಿನಕ್ಕೆ ಇಷ್ಟು ಪೌಂಡ್, ರಜೆ ಹಾಕಿದ ದಿನ ಏನೂ ಇಲ್ಲ. ಕನ್ನಡದ ಕಿವಿಗೆ ಇದು ದಿನಗೂಲಿ! ಆದರೂ ಅವರು ವಾದಿಸುವುದು ತಾವು ಗುತ್ತಿಗೆಯವರು ಅಂತ, ಮತ್ತು ಎಷ್ಟೋ ಸಲ ಆ ವಾದ ಗೆದ್ದಿದೆ. ದುಡ್ಡು ಎಣಿಸುವ ರೀತಿ ಒಂದರಿಂದಲೇ ಅಲ್ಲಿ ಏನೂ ತೀರ್ಮಾನವಾಗುವುದಿಲ್ಲ.

ನನ್ನ ಸಲಹೆ ‘ಕರಾರುಗಾರ’. ‘ಕರಾರು’ ನಮಗೆಲ್ಲ ಗೊತ್ತಿರುವ ಪದ, ಮನೆ ಬಾಡಿಗೆ ಕರಾರು ಪತ್ರ ಮಾಡಿಸದವರು ಯಾರು? ಅದರಲ್ಲಿ ಮಾಲೀಕನೂ ಇಲ್ಲ, ಆಳೂ ಇಲ್ಲ. ಒಪ್ಪಂದ ಇದೆ ಅಂತ ಮಾತ್ರ ಹೇಳುತ್ತದೆ. ಆಮೇಲೆ ‘ನೌಕರಿ ಕರಾರು’, ‘ಕೆಲಸದ ಕರಾರು’ ಅಂತ ಎರಡನ್ನೂ ಬೇರೆ ಮಾಡಬಹುದು. ಈ ಜೋಡಿ ನಮ್ಮ ನಾಡಿಗೂ ಬೇಕು. 2015ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಮಣಿಪಾಲ್ ಹೆಲ್ತ್ ಸಿಸ್ಟಮ್ಸ್ ಪ್ರಕರಣದಲ್ಲಿ ಇದೇ ಪ್ರಶ್ನೆ ಇತ್ತು. ಕನ್ಸಲ್ಟೆಂಟ್ ವೈದ್ಯರಿಗೆ ಆಸ್ಪತ್ರೆ ಕೊಡುವುದು ಸಂಬಳವಾ, ಫೀಸಾ? ಅದರ ಮೇಲೆ ಎಷ್ಟು ಟಿಡಿಎಸ್ ಮುರಿಯಬೇಕು ಅನ್ನುವುದು ನಿಂತಿತ್ತು. ಫೀಸು ಅಂತಲೇ ತೀರ್ಪು ಬಂತು.

‘ಒಳಗೆ’, ‘ಹೊರಗೆ’ ಬಗ್ಗೆ ಒಂದು ಮಾತು. ಅಲ್ಲಿಯವರು ಐಆರ್35 ಪ್ರಕಾರ ನೌಕರಿಗೆ ಸಮ ಎನಿಸಿದ ಕೆಲಸಕ್ಕೆ ‘ಇನ್‌ಸೈಡ್’, ಅಲ್ಲದ್ದಕ್ಕೆ ‘ಔಟ್‌ಸೈಡ್’ ಅನ್ನುತ್ತಾರೆ. ‘ಒಳಗೆ’ ಅಂತ ಅನುವಾದ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ‘ಅವನು ಒಳಗೆ ಹೋದ’ ಅಂದರೆ ನಮ್ಮಲ್ಲಿ ಜೈಲು. ಇಂಥವರನ್ನು ತನ್ನ ನೌಕರರಾಗಿ ಇಟ್ಟುಕೊಂಡು ಸಂಬಳ ಕೊಡುವ ‘ಅಂಬ್ರೆಲಾ ಕಂಪನಿ’ಯನ್ನು ‘ಛತ್ರಿ ಕಂಪನಿ’ ಮಾಡುವುದೂ ಬೇಡ, ಛತ್ರಿ ಅಂದರೆ ಏನರ್ಥ ಅಂತ ನಿಮಗೆ ಗೊತ್ತು. ‘ಕೊಡೆ ಕಂಪನಿ’ ಸಾಕು.

ಇನ್ನು ‘ತನಿಖೆ’. ಇದು ನನಗೆ ಜಾಸ್ತಿ ಮುಖ್ಯ. ಎಚ್‌ಎಂಆರ್‌ಸಿ ತಾನು ಮಾಡುವುದನ್ನು ಸಾಮಾನ್ಯವಾಗಿ ‘ಚೆಕ್’ ಅನ್ನುತ್ತದೆ, ಕಾನೂನಿನಲ್ಲಿ ಅದು ‘ಎನ್‌ಕ್ವೈರಿ’. ಮೋಸದ ಗುಮಾನಿ ಇದ್ದಾಗ ನಡೆಸುವುದು ಬೇರೆಯೇ, ಅದಕ್ಕೆ ಕೋಡ್ ಆಫ್ ಪ್ರಾಕ್ಟೀಸ್ 9 ಅಂತ ಪ್ರತ್ಯೇಕ ಪದ್ಧತಿಯಿದೆ. ಕನ್ನಡದಲ್ಲಿ ‘ತನಿಖೆ’ ಅಂದ ಕೂಡಲೇ ಪೊಲೀಸು, ಸಿಬಿಐ, ಲೋಕಾಯುಕ್ತ ನೆನಪಾಗುತ್ತವೆ, ಅದರ ಹಿಂದೆಯೇ ‘ದಾಳಿ’. ಮಗನ ಮೇಲೆ ತನಿಖೆ ನಡೀತಿದೆಯಂತೆ ಅಂತ ಊರಲ್ಲಿ ಮಾತಾದರೆ ಮನೆಯವರು ತಲೆ ಎತ್ತಿ ಓಡಾಡುವುದು ಹೇಗೆ? ಅವನಿಗೆ ಬಂದಿರುವುದು ಲೆಕ್ಕ ತೋರಿಸಿ ಅನ್ನುವ ಪತ್ರ ಅಷ್ಟೇ. ಅದಕ್ಕೆ ‘ಪರಿಶೀಲನೆ’ ಸಾಕು. ‘ತನಿಖೆ’ಯನ್ನು ಮೋಸದ ಗುಮಾನಿಗೆ ಮೀಸಲಿಡೋಣ.

‘ವಂಚನೆ’ಯೂ ಹಾಗೆಯೇ. ಹಳೆಯ ಲೆಕ್ಕ ಕೆದಕಲು ಅಲ್ಲಿನ ಕಾನೂನು ಮುಖ್ಯವಾಗಿ ಮೂರು ಗಡುವು ಇಟ್ಟಿದೆ: ಸಾಮಾನ್ಯವಾಗಿ 4 ವರ್ಷ, ಅಜಾಗರೂಕತೆಯಿದ್ದರೆ 6, ಬೇಕೆಂದೇ ಮಾಡಿದ್ದರೆ 20. ಕಾನೂನೇ ಇಷ್ಟು ಬಿಡಿಸಿ ನೋಡುವಾಗ ನಾವು ಎಲ್ಲವನ್ನೂ ‘ತೆರಿಗೆ ವಂಚನೆ’ ಅನ್ನುವುದು ಅನ್ಯಾಯ. ತೆರಿಗೆ ವಿನಾಯಿತಿ ಇರುವ ಯೋಜನೆಯಲ್ಲಿ ದುಡ್ಡು ಹಾಕುವುದು ‘ತೆರಿಗೆ ಉಳಿತಾಯ’. ಆದಾಯ ಮುಚ್ಚಿಡುವುದು ‘ವಂಚನೆ’. ನಡುವಿನದಕ್ಕೆ, ಅಂದರೆ ಏನನ್ನೂ ಮುಚ್ಚಿಡದೆ ಕಾನೂನಿನ ಸಂದಿಯಲ್ಲಿ ತೂರುವುದಕ್ಕೆ, ‘ನುಣುಚಿಕೆ’ ಅನ್ನಬಹುದಾ? ‘ತಪ್ಪಿಸುವಿಕೆ’ ಅಂತ ಬಳಸಿದ್ದು ನೋಡಿದ್ದೇನೆ, ಆದರೆ ಅದರಲ್ಲಿ ‘ತಪ್ಪು’ ಮೊದಲು ಕೇಳಿಸುತ್ತದೆ.

ಕೊನೆಯ ತೊಡಕು 2007ರ ಇನ್ನೊಂದು ನಿಯಮದಲ್ಲಿದೆ. ಇಂಥ ಕಂಪನಿಗಳನ್ನು ಮಾಡಿಸಿಕೊಡುವುದನ್ನೇ ಉದ್ಯಮ ಮಾಡಿಕೊಂಡ ಸಂಸ್ಥೆಯೊಂದು ಆ ಕಂಪನಿಯ ಹಣಕಾಸು ಅಥವಾ ಪಾವತಿಯನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದರೆ, ಕಂಪನಿಯಿಂದ ಕರಾರುಗಾರನಿಗೆ ಬಂದದ್ದನ್ನು ಸಂಬಳ ಅಂತಲೇ ಲೆಕ್ಕ ಹಾಕುತ್ತಾರೆ. ಕಂಪನಿ ಕಟ್ಟದಿದ್ದರೆ ಬಾಕಿ ನಿರ್ದೇಶಕನ ಸ್ವಂತ ತಲೆಗೆ ಬರಬಹುದು. ವೃತ್ತಿಯ ಮಿತಿಯಲ್ಲಿ ಲೆಕ್ಕ ಬರೆದುಕೊಡುವ ಅಕೌಂಟೆಂಟ್‌ಗೆ ವಿನಾಯಿತಿಯಿದೆ. ಎಲ್ಲವೂ ನಿಂತಿರುವುದು ಆ ಸಂಸ್ಥೆ ಕಂಪನಿಯಲ್ಲಿ ‘ಇನ್ವಾಲ್ವ್ಡ್’ ಆಗಿದೆಯಾ ಎಂಬ ಒಂದು ಪದದ ಮೇಲೆ. ‘ಶಾಮೀಲು’ ಅಂದರೆ ಕಳ್ಳರ ಜೊತೆ ಸೇರಿದ ಹಾಗೆ. ‘ಕೈವಾಡ’ ಇನ್ನೂ ಕೆಟ್ಟದ್ದು. ‘ತೊಡಗಿಕೊಂಡಿರುವುದು’ ಅಂದರೆ ಹಿಡಿತದ ಅರ್ಥ ಬರುವುದಿಲ್ಲ. ಸುಮ್ನೆ ‘ಕೈಯಾಡಿಸುವುದು’ ಅಂದರೆ ಹೇಗೆ?

ಕಲಬುರಗಿ ಕಡೆಯವರು ‘ಗುತ್ತೇದಾರ’ ಅನ್ನುತ್ತಾರೆ, ಅಲ್ಲಿ ಅದು ಮನೆತನದ ಹೆಸರೂ ಹೌದು. ತಮಿಳಿನಲ್ಲಿ ‘ಕುತ್ತಗೈ’, ತೆಲುಗಿನಲ್ಲಿ ‘ಗುತ್ತ’ ಇವೆ. ಯಜಮಾನ, ಆಳು ಎರಡೂ ಅಲ್ಲದ, ಸ್ವಂತ ಕಸುಬಿನಿಂದ ಇನ್ನೊಬ್ಬರ ಕೆಲಸ ಮಾಡಿಕೊಡುವವನಿಗೆ ನಿಮ್ಮ ಕಡೆ ಬೇರೆ ಯಾವುದಾದರೂ ಹೆಸರಿದೆಯಾ? ಇದ್ದರೆ, ಅದನ್ನು ಬಳಸುವ ಒಂದು ಮಾತಿನ ಜೊತೆ ದಯವಿಟ್ಟು ಬರೆಯಿರಿ.