ಇಂಗ್ಲಿಷ್ ಪಾಠದಲ್ಲಿ ಕನ್ನಡ ಮಾತಾಡಿದರೆ ತಪ್ಪಾ? (ಪ್ರಶ್ನೋತ್ತರ)

ಅಡ್ಮಿನ್: ಇಂಗ್ಲಿಷ್ ಟೀಚರ್‌ಗಳಿಗೆ ತರಬೇತಿ ಕೊಡುವ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ಇಂಗ್ಲಿಷ್ ಪಾಠದ ನಡುವೆ ಮಕ್ಕಳ ಭಾಷೆ ಬಳಸುವುದರ ಬಗ್ಗೆ ಏನಿದ್ದರೂ ಕೇಳಿ. ಫಾರ್ವರ್ಡ್ ಹಾಕಬೇಡಿ.

ಹೊಸ ಟೀಚರ್: ನಮಸ್ತೆ ಮೇಡಂ. ಒಂದು ಪೀರಿಯಡ್‌ನಲ್ಲಿ ಎಷ್ಟು ಪರ್ಸೆಂಟ್ ಕನ್ನಡ ಇರಬಹುದು?

ಮೇಡಂ: ನಮಸ್ತೆ. ಹಾಗೆ ಲೆಕ್ಕ ಇಟ್ಟು ಹೇಳಲು ಬರುವುದಿಲ್ಲ. ಯಾವ ಕೆಲಸಕ್ಕೆ ಬಳಸುತ್ತೀರಿ ಅನ್ನೋದು ಮುಖ್ಯ. ಆಟದ ನಿಯಮ ಇಂಗ್ಲಿಷಿನಲ್ಲಿ ವಿವರಿಸುವುದರಲ್ಲೇ ಅರ್ಧ ಪೀರಿಯಡ್ ಹೋದರೆ ಮಕ್ಕಳು ಆಡುವುದು ಯಾವಾಗ? ಅಲ್ಲಿ ಎರಡು ಮಾತು ಕನ್ನಡದಲ್ಲಿ ಹೇಳಿ, ಆಟ ಇಂಗ್ಲಿಷಿನಲ್ಲಿ ಆಡಿಸಿ. ಆದರೆ ಕೂತುಕೊಳ್ಳಿ, ಜೋರಾಗಿ ಓದಿ, ಪಕ್ಕದವರನ್ನು ಕೇಳಿ, ಇಂಥ ದಿನಾ ಬರುವ ಮಾತು ಇಂಗ್ಲಿಷಿನಲ್ಲೇ ಇರಲಿ.

ಪ್ರೈಮರಿ ಟೀಚರ್: ನಾನು ಪ್ರತಿ ವಾಕ್ಯ ಇಂಗ್ಲಿಷಿನಲ್ಲಿ ಹೇಳಿ ಕೂಡಲೇ ಕನ್ನಡದಲ್ಲೂ ಹೇಳುತ್ತೇನೆ, ಯಾರೂ ಹಿಂದೆ ಬೀಳಬಾರದು ಅಂತ. ಆದರೂ ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳುವುದು ಸುಧಾರಿಸುತ್ತಿಲ್ಲ ಮೇಡಂ.

ಮೇಡಂ: ಕೂಡಲೇ ಕನ್ನಡದಲ್ಲಿ ಹೇಳುವುದರಿಂದಲೇ ಸುಧಾರಿಸುತ್ತಿಲ್ಲ. ನಾಳೆ 'ಓಪನ್ ಯುವರ್ ಬುಕ್ಸ್' ಅಂದಾಗ ಮಕ್ಕಳ ಕೈ ನೋಡಿ. ಹೆಚ್ಚಿನವರ ಕೈ ಅಲ್ಲಾಡುವುದಿಲ್ಲ, 'ಪುಸ್ತಕ ತೆಗೀರಿ' ಅಂದ ಮೇಲೆ ಬ್ಯಾಗಿನ ಜಿಪ್ ಸದ್ದು ಬರುತ್ತದೆ. ಮೊದಲ ಸಲ ಹೇಳಿದ್ದು ಕೇಳದಿದ್ದರೂ ನಡೆಯುತ್ತದೆ ಅಂತ ಅವರಿಗೆ ಗೊತ್ತಾಗಿಬಿಟ್ಟಿದೆ. ಹೇಳಿದ ಮೇಲೆ ಸ್ವಲ್ಪ ಸುಮ್ನಿರಿ. ನಿಮ್ಮ ಪುಸ್ತಕ ತೆರೆದು ತೋರಿಸಿ, ಅದೇ ಮಾತು ಇನ್ನೊಮ್ಮೆ ನಿಧಾನಕ್ಕೆ ಹೇಳಿ. ಆಗಲೂ ಆಗದಿದ್ದರೆ, ಅರ್ಥವಾದ ಒಂದು ಮಗುವಿನಿಂದ ಕನ್ನಡದಲ್ಲಿ ಹೇಳಿಸಿ.

ಹೊಸ ವಾಕ್ಯ ಕಲಿಸುವಾಗ ಮಾತ್ರ ಕನ್ನಡವನ್ನು ಬೇರೆ ಥರ ಇಡಬೇಕು. ವೇಲ್ಸ್‌ನಲ್ಲಿ ಸಿ. ಜೆ. ಡಾಡ್ಸನ್ ಅನ್ನುವವರು 1967ರಲ್ಲಿ ಎರಡು ಭಾಷೆ ಇಟ್ಟುಕೊಂಡೇ ಕಲಿಸುವ ವಿಧಾನದ ಬಗ್ಗೆ ಬರೆದರು. ಮೊದಲು 'ಐ ಹ್ಯಾವ್ ಲಾಸ್ಟ್ ಮೈ ಪೆನ್', ನಡುವೆ ಮೆಲ್ಲಗೆ 'ನನ್ನ ಪೆನ್ನು ಕಳೆದುಹೋಗಿದೆ', ತಕ್ಷಣ ಮತ್ತೆ 'ಐ ಹ್ಯಾವ್ ಲಾಸ್ಟ್ ಮೈ ಪೆನ್', ಆಮೇಲೆ ಮಕ್ಕಳು ಹೇಳುವುದು. ಕೊನೆಗೆ ಕಿವಿಯಲ್ಲಿ ಉಳಿಯುವುದು ಇಂಗ್ಲಿಷ್. ನೀವು ಮಾಡುತ್ತಿರುವುದರಲ್ಲಿ ಉಳಿಯುವುದು ಕನ್ನಡ, ಅಲ್ವಾ?

ಒಬ್ಬ ಪೋಷಕರು: ಮೇಡಂ, ಈ ಮೆಸೇಜ್ ಬಂದಿದೆ. 'ಮನೆಯಲ್ಲೂ ಶಾಲೆಯಲ್ಲೂ 21 ದಿನ ಇಂಗ್ಲಿಷ್ ಬಿಟ್ಟು ಬೇರೇನೂ ಮಾತಾಡದಿದ್ದರೆ ಮಿದುಳು ಇಂಗ್ಲಿಷಿನಲ್ಲೇ ಯೋಚಿಸುತ್ತದೆ, ಬೆರೆಸಿ ಮಾತಾಡಿದರೆ ಎರಡೂ ಭಾಷೆ ಕೆಡುತ್ತದೆ.' ನಿಜಾನಾ?

ಮೇಡಂ: ಸುಳ್ಳು. ಮಗುವಿನ ಮೇಲೆ ಇದನ್ನು ಪ್ರಯೋಗ ಮಾಡಬೇಡಿ. ಎರಡು ಭಾಷೆ ಬಲ್ಲವರು ಒಂದರಲ್ಲಿ ಮಾತಾಡುವಾಗಲೂ ಇನ್ನೊಂದು ತಲೆಯಲ್ಲಿ ಎಚ್ಚರವಾಗೇ ಇರುತ್ತದೆ. ನ್ಯೂಯಾರ್ಕಿನಲ್ಲಿ ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಆಡುವವರ ಮಾತನ್ನು ಶಾನಾ ಪಾಪ್ಲಾಕ್ ಅಧ್ಯಯನ ಮಾಡಿ 1980ರಲ್ಲಿ ಪ್ರಕಟಿಸಿದರು. ವಾಕ್ಯದ ನಡುವೆಯೇ ಸಲೀಸಾಗಿ ಭಾಷೆ ಬದಲಿಸುತ್ತಿದ್ದವರು ಹೆಚ್ಚಾಗಿ ಎರಡೂ ಭಾಷೆ ಚೆನ್ನಾಗಿ ಬಲ್ಲವರೇ. ಮನೆಯಲ್ಲಿ ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡಿ, ಜಾಸ್ತಿ ಮಾತಾಡಿ.

ಟ್ಯೂಷನ್ ಟೀಚರ್: ನನ್ನ ಹತ್ತಿರ ಮೂರು ಬೇರೆ ಬೇರೆ ಮನೆಮಾತಿನ ಮಕ್ಕಳಿದ್ದಾರೆ. ನನಗೆ ಅದರಲ್ಲಿ ಒಂದೇ ಬರುತ್ತದೆ. ಏನು ಮಾಡಲಿ?

ಇನ್ನೊಬ್ಬ ಪೋಷಕರು: ಎಷ್ಟು ಪರ್ಸೆಂಟ್ ಕನ್ನಡ ಇದ್ದರೆ ಸರಿ ಮೇಡಂ?

ಮೇಡಂ: ಮೇಲೆ ಉತ್ತರ ಇದೆ.

ಮೂರನೇ ತರಗತಿ ಟೀಚರ್: ನಮ್ಮ ಶಾಲೆಯಲ್ಲಿ ಕನ್ನಡ ಮಾತಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ಬರೆಯಬೇಕು. ಎಲ್ಲದಕ್ಕೂ ಮೊದಲು ಕೈ ಎತ್ತುತ್ತಿದ್ದ ಒಬ್ಬ ಹುಡುಗಿ ಈಗ ಯಾವ ಭಾಷೆಯಲ್ಲೂ ಬಾಯಿ ಬಿಡುವುದಿಲ್ಲ. ಮೊನ್ನೆ ಟಾಯ್ಲೆಟ್‌ಗೆ ಹೋಗಬೇಕು ಅಂತ ಕೇಳಲೂ ಇಲ್ಲ, ಕೂತಲ್ಲೇ ಆಗಿಹೋಯಿತು. ನಾಚಿಕೆ ಸ್ವಭಾವ, ಸರಿಹೋಗುತ್ತದೆ ಅಂತ ಹೆಡ್ ಹೇಳುತ್ತಾರೆ.

ಮೇಡಂ: ಇದು ನಾಚಿಕೆ ಅಲ್ಲ. ದಯವಿಟ್ಟು ಇದನ್ನು ಹಾಗೇ ಬಿಡಬೇಡಿ. ಹೊಸ ಭಾಷೆ ಕಲಿಯುವ ಮಕ್ಕಳು ಮೊದಮೊದಲು ಮಾತಾಡದೆ ಬರೀ ಕೇಳಿಸಿಕೊಳ್ಳುವುದುಂಟು, ಅದಕ್ಕೆ ಹೆದರಬೇಕಿಲ್ಲ. ಈ ಮಗು ಮಾತಾಡುತ್ತಿದ್ದದ್ದು ನಿಂತಿದೆ. ಅದೇ ನನಗೆ ಚಿಂತೆ.

ನಾಳೆಯಿಂದ ನಿಮ್ಮ ಪೀರಿಯಡ್‌ನಲ್ಲಿ ಹೆಸರು ಬರೆಯುವುದು ಬೇಡ, ಅಷ್ಟು ನಿಮ್ಮ ಕೈಯಲ್ಲಿದೆ. ಅವಳನ್ನು ಪಕ್ಕಕ್ಕೆ ಕರೆದು ಕನ್ನಡದಲ್ಲೇ ಹೇಳಿ: ನೀರು, ಟಾಯ್ಲೆಟ್, ಹೊಟ್ಟೆನೋವು, ಯಾವುದಕ್ಕೂ ಯಾವ ಭಾಷೆಯಲ್ಲಾದರೂ ಕೇಳು, ಯಾರೂ ಬೈಯಲ್ಲ. ಎದ್ದು ನಿಂತು ಉತ್ತರ ಹೇಳು ಅನ್ನಬೇಡಿ. ತಲೆ ಆಡಿಸಲಿ, ಚಿತ್ರ ತೋರಿಸಲಿ, ಗೆಳತಿಯ ಕಿವಿಯಲ್ಲಿ ಹೇಳಲಿ. ಮುಂದೆ ಯಾವಾಗಲೋ ಕಥೆ ಓದುತ್ತಾ ನೀವು 'ವೈ ಡಿಡ್ ದ ಡಾಗ್ ರನ್?' ಅಂತ ಕೇಳಿ, ಅವಳು 'ಹೆದರಿಕೊಂಡಿತ್ತು' ಅಂದರೆ ತಿದ್ದಬೇಡಿ. 'ಎಸ್! ಇಟ್ ವಾಸ್ ಅಫ್ರೇಡ್' ಅನ್ನಿ, ಪಾಠ ಮುಂದುವರಿಸಿ. ಇಂಗ್ಲಿಷ್ ಪ್ರಶ್ನೆ ಅವಳಿಗೆ ಅರ್ಥವಾಗಿದೆ, ಉತ್ತರವೂ ಸರಿ ಇದೆ, ಬೇಕಾದ ಪದ ನೀವು ಕೊಟ್ಟಿದ್ದೀರಿ.

ಮನೆಯಲ್ಲಿ ಮೊದಲಿನಂತೆ ಮಾತಾಡುತ್ತಾಳಾ ಅಂತ ಕೇಳಿ. ಮನೆಯಲ್ಲಿ ಮಾತಾಡಿ ಶಾಲೆಯಲ್ಲಿ ಮಾತ್ರ ತಿಂಗಳಿಗಿಂತ ಜಾಸ್ತಿ ಕಾಲ ಮಾತೇ ಇಲ್ಲ ಅಂದರೆ ಅದು ಸೆಲೆಕ್ಟಿವ್ ಮ್ಯೂಟಿಸಂ ಇರಬಹುದು. ಅದು ಹಟ ಅಲ್ಲ, ಆತಂಕದ ತೊಂದರೆ. ಮಕ್ಕಳ ಮನಶ್ಶಾಸ್ತ್ರಜ್ಞರಿಗೆ ತೋರಿಸಬೇಕು. ಮನೆಯಲ್ಲೂ ಮಾತು ನಿಂತಿದ್ದರೆ ತಿಂಗಳು ಕಾಯದೆ ವೈದ್ಯರ ಹತ್ತಿರ ಹೋಗಲು ಹೇಳಿ.

ಇನ್ನು ಆ ಬೋರ್ಡು. ವೇಲ್ಸ್‌ನಲ್ಲಿ 19ನೇ ಶತಮಾನದಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು. ಅದನ್ನು 'ವೆಲ್ಷ್ ನಾಟ್' ಅನ್ನುತ್ತಾರೆ. ಇನ್ನೊಂದು ಮಗು ವೆಲ್ಷ್ ಮಾತಾಡಿ ಸಿಕ್ಕಿಬಿದ್ದರೆ ತುಂಡು ಅದರ ಕೊರಳಿಗೆ. ದಿನದ ಕೊನೆಗೆ ಯಾರ ಕೊರಳಲ್ಲಿ ಇತ್ತೋ ಆ ಮಗುವಿಗೆ ಏಟು. ಮಕ್ಕಳಿಂದಲೇ ಮಕ್ಕಳನ್ನು ಹಿಡಿಸುವ ಪದ್ಧತಿ ಅದು, ನಿಮ್ಮ ಕ್ಲಾಸ್ ಲೀಡರ್ ಕೈಗೆ ಕೊಟ್ಟಿರುವುದೂ ಅದನ್ನೇ.

ಹೈಸ್ಕೂಲ್ ಮೇಷ್ಟ್ರು: ರೂಲ್ಸ್ ಇಲ್ಲದಿದ್ದರೆ ಒಬ್ಬರೂ ಇಂಗ್ಲಿಷ್ ಮಾತಾಡುವುದಿಲ್ಲ. ಬರ್ಲಿಟ್ಜ್ ಶಾಲೆಗಳು 1878ರಿಂದ ಬರೀ ಕಲಿಯುವ ಭಾಷೆಯಲ್ಲೇ ಕಲಿಸುತ್ತಾ ಬಂದಿವೆ.

ಟ್ಯೂಷನ್ ಟೀಚರ್: ಅಲ್ಲಿಗೆ ಬರುವವರು ದುಡ್ಡು ಕೊಟ್ಟು ತಾವಾಗೇ ಬರುವವರು ಸರ್, ಗುಂಪೂ ಚಿಕ್ಕದು. ನಿಮ್ಮ ಕ್ಲಾಸ್ ಹಾಗಿದೆಯಾ?

ಹೈಸ್ಕೂಲ್ ಮೇಷ್ಟ್ರು: ನನ್ನ ಕ್ಲಾಸ್ ವಿಷಯ ನಿಮಗೆ ಬೇಡ. ಟ್ಯೂಷನ್‌ನಲ್ಲಿ ಗೈಡ್ ನೋಡಿ ಅನುವಾದ ಬರೆಸುವವರು ನೀವು.

ಟ್ಯೂಷನ್ ಟೀಚರ್: ನಿಮ್ಮ ಕ್ಲಾಸಿನಲ್ಲಿ ಅರ್ಥವಾಗದೆ ಬಂದ ಮಕ್ಕಳಿಗೇ ಅಲ್ವಾ ಬರೆಸುವುದು?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮೇಡಂ: ಮೇಷ್ಟ್ರೇ, ಬರೀ ಇಂಗ್ಲಿಷಿನಲ್ಲಿ ಕಲಿಸಿದರೇ ಒಳ್ಳೆಯದು ಅನ್ನುವ ಮಾತಿಗೆ 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಇಂಗ್ಲಿಷ್ ಕಲಿಸುವ ಬಗ್ಗೆ ನಡೆದ ಸಮ್ಮೇಳನದಿಂದ ಬಲ ಬಂತು. ಅದು ತಪ್ಪು ನಂಬಿಕೆ ಅಂತ ರಾಬರ್ಟ್ ಫಿಲಿಪ್ಸನ್ 1992ರಲ್ಲೇ ವಿವರವಾಗಿ ಬರೆದಿದ್ದಾರೆ. ಇಂಗ್ಲಿಷ್ ಜಾಸ್ತಿ ಕೇಳಿಸಬೇಕು, ನಿಜ, ಅದರಲ್ಲಿ ನಿಮ್ಮ ಜೊತೆ ನನ್ನ ಜಗಳವಿಲ್ಲ. ಮಗುವನ್ನು ಹೆದರಿಸಿ ಕೇಳಿಸಬೇಡಿ ಅನ್ನುತ್ತಿದ್ದೇನೆ.

ಹೈಸ್ಕೂಲ್ ಮೇಷ್ಟ್ರು: ಹೆದರಿಕೆ ಸ್ವಲ್ಪ ಇರಬೇಕು ಮೇಡಂ.

ಮೇಡಂ: ಬೇಡ.

ಒಬ್ಬ ಪೋಷಕರು: ಇಂಗ್ಲಿಷ್ ಆಡಿಯೊ ಹಾಕಿ ಮಲಗಿದರೆ ನಿದ್ದೆಯಲ್ಲೇ ಭಾಷೆ ಬರುತ್ತದಂತೆ, ಇನ್ನೊಂದು ಮೆಸೇಜ್...

ಮೇಡಂ: ಬರುವುದಿಲ್ಲ. ಮಗುವನ್ನು ನೆಮ್ಮದಿಯಾಗಿ ಮಲಗಲು ಬಿಡಿ. ಇನ್ನು ಫಾರ್ವರ್ಡ್‌ಗಳಿಗೆ ಉತ್ತರ ಕೊಡುವುದಿಲ್ಲ.

ಟ್ಯೂಷನ್ ಟೀಚರ್: ಮೇಡಂ, ಮೂರು ಮನೆಮಾತಿನ ಮಕ್ಕಳ ಬಗ್ಗೆ ಆಗಲೇ ಕೇಳಿದ್ದೆ.

ಮೂರನೇ ತರಗತಿ ಟೀಚರ್: ಹೆಡ್ ಒಪ್ಪುವುದಿಲ್ಲ ಮೇಡಂ. ಏನಂತ ಹೇಳಲಿ?

ಮೇಡಂ: ನಿಮ್ಮ ಪೀರಿಯಡ್‌ನಲ್ಲಿ ಕೆಲವು ವಾರ ಹೆಸರು ಬರೆಸಬೇಡಿ. ದಿನಾ ಎಷ್ಟು ಮಕ್ಕಳು ತಾವಾಗೇ ಇಂಗ್ಲಿಷಿನಲ್ಲಿ ಬಾಯಿ ಬಿಟ್ಟರು ಅಂತ ಗುರುತು ಹಾಕಿಟ್ಟು ಅವರಿಗೆ ತೋರಿಸಿ. ಆ ಹುಡುಗಿಯ ವಿಷಯಕ್ಕೆ ಮಾತ್ರ ಅಷ್ಟು ದಿನ ಕಾಯಬೇಡಿ. ಇವತ್ತು ಸಂಜೆಯೇ ಅವಳ ಮನೆಗೆ ಫೋನ್ ಮಾಡಿ, ಅವರು ಏನು ಹೇಳಿದರು ಅಂತ ನನಗೆ ಬೇರೆಯಾಗಿ ಬರೆಯಿರಿ.