ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ಯುವುದು ಹೇಗೆ? ಹಳ್ಳಿಯ ಮನೆಗಳ ಅನುಭವ

ಕೇಳಿದವರು: ಹೊಸದುರ್ಗ ತಾಲ್ಲೂಕಿನವರು, ಈಗ ತುಮಕೂರಿನಲ್ಲಿ ಉದ್ಯೋಗ

ನನ್ನ ಅಣ್ಣನಿಗೆ ಇಪ್ಪತ್ತಾರು ವರ್ಷ. ಯುಗಾದಿ ಕಳೆದಾಗಿನಿಂದ ರಾತ್ರಿ ನಿದ್ದೆ ಮಾಡುತ್ತಿಲ್ಲ. ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ದಾಯಾದಿಗಳು ಕ್ಯಾಮೆರಾ ಇಟ್ಟಿದ್ದಾರೆಂದು ಅದರ ತಂತಿಗಳನ್ನೆಲ್ಲ ಕಿತ್ತುಹಾಕಿದ್ದಾನೆ. ಒಬ್ಬನೇ ಕುಳಿತು ಯಾರಿಗೋ ಉತ್ತರ ಕೊಡುವವನಂತೆ ಮಾತನಾಡುತ್ತಾನೆ. ದಾಯಾದಿಗಳ ಜೊತೆ ಜಮೀನಿನ ವ್ಯಾಜ್ಯ ಇರುವುದರಿಂದ ಇದು ಅವರು ಮಾಡಿಸಿದ ಮಾಟವೇ ಎಂಬುದು ತಂದೆಯವರ ನಂಬಿಕೆ. ತಾಯಿ ಹರಕೆ ಹೊತ್ತಿದ್ದಾರೆ. ತಂಗಿಗೆ ಗಂಡು ನೋಡುತ್ತಿರುವ ಈ ಸಮಯದಲ್ಲಿ ಮನೋವೈದ್ಯರ ಹತ್ತಿರ ಹೋದ ಸುದ್ದಿ ಊರಲ್ಲಿ ಹಬ್ಬಿದರೆ ಸಂಬಂಧ ತಪ್ಪಿಹೋದೀತೆಂಬ ಭಯ ಎಲ್ಲರಿಗೂ ಇದೆ. ಮನೆಯವರನ್ನು ಒಪ್ಪಿಸುವುದು ಹೇಗೆ, ಎಲ್ಲಿಗೆ ಕರೆದೊಯ್ಯಬೇಕು, ಅಣ್ಣನ ಜೊತೆ ಏನೆಂದು ಮಾತನಾಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಸಾಗರ ತಾಲ್ಲೂಕಿನ ಶಿಕ್ಷಕಿ

ಇದು ಮಾಟವೋ ಕಾಯಿಲೆಯೋ ಎಂಬ ವಾದವನ್ನು ತಂದೆಯವರ ಜೊತೆ ಹೂಡಲೇಬೇಡಿ. ನೀವು ಗೆದ್ದರೆ ಅವರ ಮುಖಭಂಗವಾಗುತ್ತದೆ, ಸೋತರೆ ಆಸ್ಪತ್ರೆಯ ಮಾತೇ ಮನೆಯಲ್ಲಿ ನಿಂತುಹೋಗುತ್ತದೆ. ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ ಎಂಬ ಮನೋರೋಗ ಶುರುವಾದಾಗ ಹಿರಿಯರು ನೋಟ ನೋಡಿಸಿ, ತೋಟದಂಚಿನ ಚೌಡಿಗೆ ಸಲ್ಲಬೇಕಾದದ್ದು ಸಲ್ಲದಿರುವುದೇ ಕಾರಣವೆಂದು ತೀರ್ಮಾನಿಸಿದ್ದರು. ಅದನ್ನು ಸಲ್ಲಿಸಿಯೂ ಆಯಿತು. ಆದರೆ ಅವನು ಮಲಗುತ್ತಿಲ್ಲ, ತಟ್ಟೆಯಲ್ಲಿ ಬಡಿಸಿದ್ದನ್ನು ಹಾಗೆಯೇ ಬಿಟ್ಟೇಳುತ್ತಾನೆ, ಸೊರಗಿಹೋಗಿದ್ದಾನೆ ಎಂಬ ವಿಷಯದಲ್ಲಿ ಮನೆಯಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಹಾಗಾಗಿ ಅಮ್ಮನೂ ನಾನೂ ನಿದ್ದೆ ಮತ್ತು ಊಟ ಇವೆರಡನ್ನು ಬಿಟ್ಟು ಬೇರೇನನ್ನೂ ಮಾತನಾಡದೆ, ‘ನಿದ್ದೆ ಬರುವುದಕ್ಕೆ ಏನಾದರೂ ಔಷಧಿ ಕೇಳೋಣ’ ಎಂದಷ್ಟೇ ಹೇಳುತ್ತ ಬಂದೆವು.

ಅಪ್ಪ ಕೊನೆಗೆ ‘ದೇವರ ಅಪ್ಪಣೆಯಾದರೆ ಹೋಗೋಣ’ ಎಂದರು. ನಮ್ಮಲ್ಲಿ ದೊಡ್ಡ ಕೆಲಸಕ್ಕೆಲ್ಲ ಹೂಪ್ರಸಾದ ಕೇಳುವ ರೂಢಿಯಿದೆ. ಅಮ್ಮ ಮುಂಚಿನ ದಿನವೇ ಭಟ್ಟರಿಗೆ ಎಲ್ಲವನ್ನೂ ವಿವರಿಸಿ ಬಂದಿದ್ದರು. ಅವರು ವಿವೇಕಿಗಳು, ಮರುದಿನ ಪ್ರಾರ್ಥನೆ ಮಾಡುವಾಗ ‘ಸೇವೆಯೂ ನಡೆಯಲಿ, ಡಾಕ್ಟರ ಔಷಧಿಯೂ ನಡೆಯಲಿ, ಎರಡಕ್ಕೂ ಅಪ್ಪಣೆಯೇ’ ಎಂದು ಕೇಳಿದರು. ಬಲಗಡೆಯ ಹೂ ಬಿತ್ತು. ಎಡಗಡೆಯದು ಬಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಮ್ಮ ಯಜಮಾನರು ಈಗಲೂ ಕೆಣಕುವುದುಂಟು. ಭಟ್ಟರು ಇನ್ನೊಂದು ಸಲ ಕೇಳುತ್ತಿದ್ದರು ಎಂಬುದು ನನ್ನ ಉತ್ತರ. ಆ ವಾರವೇ ಅಪ್ಪನೇ ಮುಂದಾಗಿ ತಮ್ಮನನ್ನು ಬಸ್ಸು ಹತ್ತಿಸಿದರು. ಹಾಗಾಗಿ ತಂದೆಯವರು ಯಾರ ಮಾತನ್ನು ತೆಗೆದುಹಾಕುವುದಿಲ್ಲವೋ ಅವರನ್ನು, ಅದು ಪೂಜಾರಿಯಾಗಿರಲಿ, ಸೋದರಮಾವನಾಗಿರಲಿ, ಹಾಲಿನ ಡೇರಿಯ ಕಾರ್ಯದರ್ಶಿಯಾಗಿರಲಿ, ಮೊದಲು ಭೇಟಿಯಾಗಿ.

ಆದರೆ ಈ ಹೊಂದಾಣಿಕೆಗೆ ಒಂದು ಮಿತಿಯಿದೆ, ಅದನ್ನು ಮನೆಯಲ್ಲಿ ಈಗಲೇ ಸ್ಪಷ್ಟಪಡಿಸಿಬಿಡಿ. ಹರಕೆ, ಅಭಿಷೇಕ, ತಾಯತ ಯಾವುದರಿಂದಲೂ ಅಣ್ಣನಿಗೆ ಕೇಡಿಲ್ಲ. ಹೊಡೆಯುವ, ಉಪವಾಸ ಕೆಡಹುವ, ಮೆಣಸಿನಕಾಯಿಯ ಹೊಗೆ ಹಾಕುವ, ಸರಪಳಿ ಬಿಗಿಯುವ ಜಾಗಕ್ಕೆ ಮಾತ್ರ ಅವನನ್ನು ಕಳಿಸಬಾರದು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್‌ನಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ, ದರ್ಗಾದ ಸುತ್ತಲಿನ ಖಾಸಗಿ ವಸತಿಯೊಂದರಲ್ಲಿ ಸರಪಳಿಯಲ್ಲಿದ್ದ 28 ಮಂದಿ ತಪ್ಪಿಸಿಕೊಳ್ಳಲಾಗದೆ ಸತ್ತರು. ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಕರ್ನಾಟಕದ ಮೌಢ್ಯಾಚರಣೆ ನಿಷೇಧ ಕಾನೂನಿನ ಪ್ರಕಾರವೂ ಅಪರಾಧ.

ಇನ್ನು ಔಷಧಿ. ನನ್ನ ತಮ್ಮನಿಗೆ ಬೇಗನೆ ಸರಿಹೋದದ್ದು ನಿದ್ದೆ ಮಾತ್ರ. ಸಂಶಯ ಮತ್ತು ಕಿವಿಗೆ ಕೇಳುವ ಮಾತುಗಳು ಇಳಿಯುವುದಕ್ಕೆ ವಾರಗಳೇ ಹಿಡಿದವು, ಅಷ್ಟರಲ್ಲಿ ಅವನು ಮಂಕಾಗಿ, ಕೈ ನಡುಗಿ, ಮೈ ಬಂದು ಬೇರೆಯವನಂತೆ ಕಾಣತೊಡಗಿದ. ಊರಿನವರ ಕಣ್ಣಿಗೆ ಬಿದ್ದದ್ದೂ ಅದೇ. ‘ಮಾತ್ರೆ ತಿನ್ನಿಸಿ ಹುಡುಗನನ್ನು ಕೆಡಿಸಿದರು’ ಎಂಬ ಮಾತು ಕೇಳಿದ ಚಿಕ್ಕಪ್ಪ, ಅವನು ಗುಣವಾಗಿದ್ದಾನೆಂದು ಹೇಳಿ ಮಾತ್ರೆ ಬಿಡಿಸಿದರು. ಕೊನೆ ಕೊಯ್ಲಿನ ಹೊತ್ತಿಗೆ ಎಲ್ಲವೂ ಮರಳಿ ಬಂತು. ಕೈ ನಡುಗುವುದಕ್ಕೆ ಬೇರೆ ಮಾತ್ರೆಯಿದೆ, ಪ್ರಮಾಣವನ್ನು ಇಳಿಸಬಹುದು, ಔಷಧಿಯನ್ನೇ ಬದಲಾಯಿಸಬಹುದು. ಇವೆಲ್ಲವೂ ವೈದ್ಯರಿಗೆ ನಿತ್ಯದ ಕೆಲಸ. ಅದನ್ನು ಅವರಿಗೇ ಹೇಳಬೇಕು.

ನಿವೃತ್ತ ಹಿರಿಯ ಆರೋಗ್ಯ ಸಹಾಯಕರು, ಬಳ್ಳಾರಿ ಜಿಲ್ಲೆ

ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮನೋರೋಗವೆಂದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಧಾರವಾಡದ ಆಸ್ಪತ್ರೆಗೇ ಹೋಗಬೇಕೆಂಬ ಭಾವನೆ ಹಳ್ಳಿಗಳಲ್ಲಿ ಬಲವಾಗಿದೆ. ಅಷ್ಟು ದೂರದ ಖರ್ಚು, ಜೊತೆಗೆ ಹೋಗುವವರ ಕೂಲಿ ನಷ್ಟ ಇವುಗಳನ್ನು ಲೆಕ್ಕ ಹಾಕಿಯೇ ಎಷ್ಟೋ ಕುಟುಂಬಗಳು ಸುಮ್ಮನಾಗುತ್ತವೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ನಮ್ಮಂಥ ಕ್ಷೇತ್ರ ಸಿಬ್ಬಂದಿಗೂ ತರಬೇತಿ ಕೊಟ್ಟು, ಇಂಥ ಕಾಯಿಲೆಗಳನ್ನು ಊರಿನ ಹತ್ತಿರವೇ ಗುರುತಿಸಿ ಕೆಲವೇ ಔಷಧಿಗಳಿಂದ ನೋಡಿಕೊಳ್ಳಬಹುದೆಂದು ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾದದ್ದು ಈ ಪ್ರಯೋಗವೇ. ಹಾಗೆಂದು ಎಲ್ಲವೂ ಸರಿಹೋಗಿದೆಯೆಂದು ನಾನು ಹೇಳುವುದಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು.

ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ತಿಂಗಳ ಯಾವ ಮಂಗಳವಾರ ಬರುತ್ತಾರೆಂಬುದನ್ನು ಆಶಾ ಕಾರ್ಯಕರ್ತೆಯಿಂದ ಅಥವಾ ಆಸ್ಪತ್ರೆಯಿಂದಲೇ ಕೇಳಿ ತಿಳಿಯಿರಿ. ಊರಿನವರ ಬಾಯಿಗೆ ಬೀಳುವ ಭಯಕ್ಕೂ ಇದು ಸ್ವಲ್ಪ ಪರಿಹಾರ: ತಾಲ್ಲೂಕು ಆಸ್ಪತ್ರೆಗೆ ಬಿ.ಪಿ., ಸಕ್ಕರೆ ಕಾಯಿಲೆ ಎಂದು ದಿನವೂ ನೂರಾರು ಜನ ಬರುತ್ತಾರೆ, ಯಾರು ಯಾವ ಕೋಣೆಗೆ ಹೋದರೆಂದು ಯಾರೂ ನೋಡುತ್ತ ಕೂರುವುದಿಲ್ಲ. ಅಣ್ಣ ಬರಲು ಒಪ್ಪದಿದ್ದರೆ ಮೊದಲ ಸಲ ನೀವು ಮತ್ತು ತಂದೆಯವರು ಮಾತ್ರ ಹೋಗಿ ವೈದ್ಯರೊಂದಿಗೆ ಮಾತನಾಡಿ ಬನ್ನಿ. ಅದಕ್ಕೂ ಮುಂಚೆ 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಸಹಾಯವಾಣಿ. ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ಕಾಯಿಲೆಯವರೇ ಕರೆ ಮಾಡಬೇಕೆಂದೂ ಇಲ್ಲ.

ವೈದ್ಯರ ಮುಂದೆ ‘ಅವನಿಗೆ ತಲೆ ಸರಿಯಿಲ್ಲ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ತಿಂಗಳಿನಿಂದ ನಿದ್ದೆ ತಪ್ಪಿತು, ಸ್ಟಾರ್ಟರ್ ಪೆಟ್ಟಿಗೆಯ ಪ್ರಸಂಗ ಹೇಗೆ ನಡೆಯಿತು, ಜ್ವರ ಬಂದಿತ್ತೇ, ತಲೆಗೆ ಪೆಟ್ಟಾಗಿತ್ತೇ, ಫಿಟ್ಸ್ ಬಂದಿತ್ತೇ, ಕುಡಿತ ಅಥವಾ ಗಾಂಜಾ ಇದೆಯೇ, ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಥೈರಾಯ್ಡ್ ಮುಂತಾದ ರಕ್ತಪರೀಕ್ಷೆಗಳನ್ನು ಬರೆದುಕೊಟ್ಟರೆ, ಹಣ ಕೀಳುವುದಕ್ಕೆಂದು ಅನುಮಾನಿಸಬೇಡಿ, ದೇಹದ ಕೆಲವು ಕಾಯಿಲೆಗಳೂ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಖಾಲಿಯಾದ ಮಾತ್ರೆಯ ಪಟ್ಟಿಯನ್ನು ಎಸೆಯದೆ ಚೀಟಿಯ ಜೊತೆಗೇ ಇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಆ ತಿಂಗಳು ಔಷಧಿ ದಾಸ್ತಾನು ಇಲ್ಲದಿದ್ದರೆ, ಅದು ಆಗಾಗ ಆಗುವಂಥದ್ದೇ, ಅದನ್ನು ತೋರಿಸಿ ಹೊರಗಿನ ಅಂಗಡಿಯಲ್ಲಿ ಅದೇ ಮಾತ್ರೆ ಕೇಳಲು ಅನುಕೂಲವಾಗುತ್ತದೆ.

ಇನ್ನೊಂದು ಕೆಲಸವನ್ನು ಇಂದೇ ಮಾಡಿಸಿ. ಮನೆಯಲ್ಲೋ ಪಂಪ್‌ಸೆಟ್ ಮನೆಯಲ್ಲೋ ಇರುವ ಕ್ರಿಮಿನಾಶಕದ ಡಬ್ಬಿಗಳಿಗೆ ಬೀಗ ಹಾಕಿಸಿ, ಆಗದಿದ್ದರೆ ಬೇರೆಯವರ ಮನೆಗೆ ಸಾಗಿಸಿ. ಅಣ್ಣ ಸಾಯುವ ಮಾತನಾಡಿದರೆ, ಯಾರನ್ನಾದರೂ ಹೊಡೆಯಲು ಹೋದರೆ, ಅನ್ನನೀರು ಬಿಟ್ಟರೆ ಮಂಗಳವಾರಕ್ಕೆ ಕಾಯದೆ ಅಂದೇ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ. ಇಂಥ ತೀವ್ರ ಸ್ಥಿತಿಯಲ್ಲಿ ಕಾಯಿಲೆಯವರು ಒಪ್ಪದಿದ್ದರೂ, ಮನೋವೈದ್ಯರೊಬ್ಬರು ಮತ್ತು ಇನ್ನೊಬ್ಬ ವೈದ್ಯರು ಅಥವಾ ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ, ಕಾಯಿಲೆಯವರ ನಾಮನಿರ್ದೇಶಿತ ಪ್ರತಿನಿಧಿಯ (ಅವರೇ ಹೆಸರಿಸಿದವರು, ಹಾಗೆ ಹೆಸರಿಸಿರದಿದ್ದರೆ ಸಂಬಂಧಿಕರು) ಅರ್ಜಿಯ ಮೇಲೆ 30 ದಿನಗಳವರೆಗೆ ದಾಖಲಿಸಿಕೊಳ್ಳಲು 2017ರ ಕಾಯ್ದೆಯಲ್ಲಿ ಅವಕಾಶವಿದೆ. ಯಾರಾದರೂ ಆತ್ಮಹತ್ಯೆಗೆ ಪ್ರಯತ್ನಿಸಿದ್ದರೆ ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡುವ ಕುಟುಂಬಗಳನ್ನು ನಾನು ಬಹಳ ನೋಡಿದ್ದೇನೆ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಇದೇ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ.

ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ

ನಾನು ಎರಡೇ ವಿಷಯ ಬರೆಯುತ್ತೇನೆ. ‘ಮದುವೆ ಮಾಡಿಬಿಡಿ, ಸರಿಹೋಗುತ್ತಾನೆ’ ಎಂದು ನಿಮ್ಮ ತಂದೆತಾಯಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಖಂಡಿತ ಒಪ್ಪಬೇಡಿ; ಹಾಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳ ಕಣ್ಣೀರನ್ನು ಒರೆಸುವ ಕೆಲಸ ಕೊನೆಗೆ ನಮ್ಮ ಪಾಲಿಗೇ ಬರುತ್ತದೆ. ತಂಗಿಯ ಸಂಬಂಧದ ವಿಷಯದಲ್ಲಿ ನಾನು ಕಂಡದ್ದೇನೆಂದರೆ, ಚಿಕಿತ್ಸೆಯಲ್ಲಿದ್ದು ಹೊಲದ ಕೆಲಸ ಮಾಡಿಕೊಂಡಿರುವ ಅಣ್ಣನಿಗಿಂತ ರಾತ್ರಿ ಬೀದಿಯಲ್ಲಿ ಕೂಗಾಡುವ ಅಣ್ಣನ ಸುದ್ದಿಯೇ ಬೇಗ ಹಬ್ಬುತ್ತದೆ.

ಬಾಣಂತಿಯರಿಗೆ ಬರುವ ಸನ್ನಿಯ ಬಗ್ಗೆಯೂ ಓದುವವರು ತಿಳಿದಿರಲಿ. ಹೆರಿಗೆಯಾದ ಮೊದಲ ವಾರಗಳಲ್ಲಿ ನಿದ್ದೆ ಬಿಟ್ಟು, ಅಸಂಬದ್ಧವಾಗಿ ಮಾತನಾಡಿ, ಕೂಸು ತನ್ನದಲ್ಲವೆನ್ನುವ ಬಾಣಂತಿಗೆ ಗಾಳಿ ಸೋಕಿದೆಯೆಂದು ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ತಾಯಿಮಗು ಇಬ್ಬರ ಜೀವಕ್ಕೂ ಅಪಾಯವಿರುವ ಸ್ಥಿತಿಯದು, ಅಂದೇ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆ ಸಿಕ್ಕರೆ ಬಹುತೇಕರು ಚೆನ್ನಾಗಿ ಗುಣವಾಗುತ್ತಾರೆ.

ಹಾವೇರಿ ಜಿಲ್ಲೆಯ ತಾಯಿಯೊಬ್ಬರು

ನನ್ನ ಮಗ ಮಾತ್ರೆ ಎಂದರೆ ಎದ್ದು ಹೋಗುತ್ತಿದ್ದ. ಬೇರೆ ದಾರಿ ಕಾಣದೆ ಸಾರಿನಲ್ಲಿ ಅರೆದು ಹಾಕಿ ಕೊಟ್ಟೆ. ಹುಷಾರಾದ ಮೇಲೆ ಅವನೇ ತೆಗೆದುಕೊಳ್ಳತೊಡಗಿದ. ಹೆತ್ತವರಿಗೆ ಇದು ತಪ್ಪೆನಿಸಲಾರದು. ನಿಮ್ಮ ತಾಯಿಗೂ ತಿಳಿಸಿರಿ.

ಹಾಸನ ಜಿಲ್ಲೆಯವರು, ಸ್ವತಃ ಚಿಕಿತ್ಸೆಯಲ್ಲಿರುವವರು

ಮೇಲಿನ ತಾಯಿಯವರ ಸಂಕಟ ನನಗೆ ಅರ್ಥವಾಗುತ್ತದೆ, ಅವರ ಸಲಹೆಯನ್ನು ಒಪ್ಪಲಾರೆ. ನನಗೆ ಕಾಯಿಲೆ ಜೋರಾಗಿದ್ದಾಗ ಮನೆಯವರು ಊಟದಲ್ಲಿ ವಿಷ ಹಾಕುತ್ತಿದ್ದಾರೆಂಬ ಸಂಶಯವಿತ್ತು. ಒಂದು ದಿನ ಮುದ್ದೆ ಮುರಿದಾಗ ಒಳಗೆ ಅರೆಬರೆ ಪುಡಿಯಾದ ಬಿಳಿ ಮಾತ್ರೆ ಕಂಡಿತು. ಅಲ್ಲಿಗೆ ನನ್ನ ಸಂಶಯಕ್ಕೆ ಸಾಕ್ಷಿಯೂ ಸಿಕ್ಕಂತಾಯಿತು, ಎಷ್ಟೋ ಕಾಲ ಮನೆಯ ಅಡುಗೆಯನ್ನೇ ಮುಟ್ಟಲಿಲ್ಲ. ಮಾತ್ರೆ ಬೇಡವೆನ್ನುವವರಿಗೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ. ಅದರ ಬಗ್ಗೆ ವೈದ್ಯರನ್ನು ಕೇಳಿ.

ಇಲ್ಲಿ ಎಲ್ಲರೂ ತಂದೆಯನ್ನು ಒಪ್ಪಿಸುವ ಉಪಾಯಗಳನ್ನು ಬರೆದಿದ್ದಾರೆ. ಒಪ್ಪಿಸಬೇಕಾದವನು ಇನ್ನೊಬ್ಬನಿದ್ದಾನೆ. ಕ್ಯಾಮೆರಾ ಇಲ್ಲವೆಂದು ಅಣ್ಣನ ಜೊತೆ ವಾದಿಸಬೇಡಿ, ಇದೆಯೆಂದು ಹೂಂಗುಟ್ಟಲೂ ಬೇಡಿ. ‘ನನಗೆ ಕಾಣುತ್ತಿಲ್ಲ, ಆದರೆ ನಿನಗೆ ಹೆದರಿಕೆಯಾಗುತ್ತಿರುವುದು ಗೊತ್ತಾಗುತ್ತಿದೆ’ ಎಂದು ನನ್ನ ಸೋದರತ್ತೆ ಹೇಳಿದ ಮೇಲೆಯೇ ನಾನು ಅವರ ಜೊತೆ ಮಾತನಾಡತೊಡಗಿದ್ದು. ಜಾತ್ರೆಗೆ ಹೋಗೋಣವೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಕರೆದೊಯ್ಯಬೇಡಿ. ಮನೆಯಲ್ಲಿ ಅವನು ಹೆಚ್ಚು ನಂಬುವವರು ಯಾರೆಂದು ನೋಡಿ, ಆಸ್ಪತ್ರೆಗೆ ಅವರೇ ಜೊತೆಗಿರಲಿ. ಅವರು ನೀವಲ್ಲದಿದ್ದರೆ ಬೇಸರಪಡಬೇಡಿ. ವೈದ್ಯರ ಕೋಣೆಯಲ್ಲಿ ಮನೆಯವರೆಲ್ಲ ಒಟ್ಟಿಗೆ ದೂರು ಹೇಳುವ ಮೊದಲು, ಅವನೊಬ್ಬನೇ ವೈದ್ಯರ ಜೊತೆ ಸ್ವಲ್ಪ ಹೊತ್ತು ಮಾತನಾಡುವಂತೆ ಕೇಳಿಕೊಳ್ಳಿ. ಸುಧಾರಿಸಿದ ನಂತರ ಅವನ ಪಾಲಿನ ಕೆಲಸವನ್ನು, ನೀರು ಹಾಯಿಸುವುದಾಗಲಿ ಹಸು ಕಟ್ಟುವುದಾಗಲಿ, ಕೂಡಲೇ ಅವನಿಗೇ ವಾಪಸು ಕೊಡಿ. ಮಾತ್ರೆಯ ಮಂಪರಿನಿಂದ ಬೆಳಿಗ್ಗೆ ತಡವಾಗಿ ಎದ್ದರೆ ಸೋಮಾರಿಯೆನ್ನದೆ, ಮಾತ್ರೆಯ ಹೊತ್ತನ್ನು ಬದಲಾಯಿಸಬಹುದೇ ಎಂದು ವೈದ್ಯರನ್ನು ವಿಚಾರಿಸಿ.

ಆಸ್ಪತ್ರೆಗೆ ಹೊರಡುವ ಮುನ್ನ, ಆ ಮಂಗಳವಾರ ಮನೋವೈದ್ಯರು ನಿಜವಾಗಿಯೂ ಬರುತ್ತಾರೆಯೇ ಎಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಬಹಳ ಕಷ್ಟಪಟ್ಟು ಒಪ್ಪಿಸಿ ಕರೆತಂದವನನ್ನು ‘ಇವತ್ತು ಡಾಕ್ಟರು ರಜೆ’ ಎಂದು ಹಿಂದಕ್ಕೆ ಕರೆದೊಯ್ದರೆ, ಎರಡನೆಯ ಸಲ ಒಪ್ಪಿಸುವುದು ಮೊದಲಿನಷ್ಟು ಸುಲಭವಿರುವುದಿಲ್ಲ.